ಬಟೂಮಿಗೆ ಹೋಗಿಬಂದ ಹುಡುಗ್ಯಾರ ಆಟ

ಚಿಕ್ಕೋಡಿ

ಕಪ್ಪು ಸಮುದ್ರವನ್ನು ನಾನು ಎಷ್ಟೋ ವರ್ಷಗಳಿಂದ ಬೆತ್ತದ ತುದಿಯಿಂದ ಮುಟ್ಟುತ್ತ ಬಂದಿದ್ದೇನೆ. ನಮ್ಮ ಹೈಸ್ಕೂಲಿನ ಭೂಪಟದಲ್ಲಿ ಅದು ನನ್ನ ಭುಜದ ಎತ್ತರಕ್ಕಿದೆ. ಬೆತ್ತ ತಾಗಿ ತಾಗಿ ಅದರ ಪೂರ್ವದ ದಂಡೆ ಸವೆದು ಬೆಳ್ಳಗಾಗಿದೆ. ಆ ಸವೆದ ಜಾಗದಲ್ಲೇ ಬಟೂಮಿ ಎಂಬ ಊರಿದೆ ಎಂದು ನನಗೆ ಗೊತ್ತಾದದ್ದು ಅಲ್ಲಿಗೆ ಟಿಕೆಟ್ ತೆಗೆಸಿದ ಮೇಲೆ. ಭೂಗೋಳದ ಟೀಚರುಗಳ ಮೇಲೆ ಬಹಳ ನಂಬಿಕೆ ಇಡಬಾರದು.

ಹೊರಟದ್ದು ನನ್ನ ಕೆಲಸಕ್ಕಲ್ಲ. ನನ್ನ ತಮ್ಮನ ಮಗಳು ಸನ್ಮತಿಗೆ ಹದಿನಾಲ್ಕು ವರ್ಷ. ಚೆಸ್ ಆಡುತ್ತಾಳೆ. ಜಾರ್ಜಿಯಾ ದೇಶದ ಆ ಊರಿನಲ್ಲಿ ಮಕ್ಕಳದೊಂದು ಪಂದ್ಯಾವಳಿ ಇತ್ತು, ಹುಡುಗ ಹುಡುಗಿ ಎಲ್ಲರೂ ಒಟ್ಟಿಗೇ ಆಡುವಂಥದ್ದು. ಜೊತೆಗೆ ಒಬ್ಬರು ದೊಡ್ಡವರು ಹೋಗಬೇಕು. ನನ್ನ ತಮ್ಮನಿಗೆ ಕುಡಚಿಯ ಸೇತುವೆಯ ಮೇಲೆ ಬಸ್ಸು ನಿಂತರೂ ಹೊಟ್ಟೆ ತೊಳಸುತ್ತದೆ, ವಿಮಾನದ ಮಾತು ದೂರ. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದ ದೊಡ್ಡವಳು ನಾನೊಬ್ಬಳೇ. ಯಾವುದೋ ಕಾಲದಲ್ಲಿ ಟೀಚರುಗಳೆಲ್ಲ ಸೇರಿ ಶ್ರೀಲಂಕೆಗೆ ಹೋಗುವುದೆಂದು ಮಾಡಿಸಿಟ್ಟದ್ದು. ಶ್ರೀಲಂಕೆ ಅಲ್ಲೇ ಉಳಿಯಿತು, ಪಾಸ್‌ಪೋರ್ಟು ಕಪಾಟಿನಲ್ಲಿ ಉಳಿಯಿತು.

ಸನ್ಮತಿಗೆ ಚೆಸ್ ಕಲಿಸುವವರು ಚಿಕ್ಕೋಡಿಯ ಮಗದುಮ್ ಸರ್. ಒಳ್ಳೆಯ ಮನುಷ್ಯ. ನಿಪ್ಪಾಣಿಯಿಂದ, ರಾಯಬಾಗದಿಂದ, ಅಥಣಿಯಿಂದ ಮಕ್ಕಳು ಬಸ್ಸು ಹಿಡಿದು ಅವರ ಕ್ಲಾಸಿಗೆ ಬರುತ್ತಾರೆ, ಯಾಕೆಂದರೆ ಐದು ತಾಲ್ಲೂಕಿಗೆ ಅವರೊಬ್ಬರೇ. ಅವರ ಗೋಡೆಯ ಮೇಲೊಂದು ಬಿಳಿ ಬೋರ್ಡಿದೆ. ಅದರ ಮೇಲೆ ಎರಡು ಕಾಲಮ್ಮು. ಒಂದರ ತಲೆಯ ಮೇಲೆ ‘ಹುಡುಗರು’, ಇನ್ನೊಂದರ ತಲೆಯ ಮೇಲೆ ‘ಹುಡುಗ್ಯಾರು’.

ಚೆಸ್ಸಿನಲ್ಲಿ ಆಟ ಶುರುಮಾಡುವ ರೀತಿಗಳಿಗೆ ಒಂದೊಂದು ಹೆಸರಿದೆ. ಹುಡುಗರ ಕಾಲಮ್ಮಿನಲ್ಲಿ ಕಿಂಗ್ಸ್ ಗ್ಯಾಂಬಿಟ್: ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ದೂಡಿ, ಮರುನಡೆಗೇ ಅದರ ಪಕ್ಕದ ಪ್ಯಾದೆಯನ್ನು ಎದುರಿನವನ ಬಾಯಿಗೆ ಇಟ್ಟು, ಅವನು ಅದನ್ನು ನುಂಗುವಷ್ಟರಲ್ಲಿ ನುಗ್ಗುವುದು. ಹುಡುಗಿಯರ ಕಾಲಮ್ಮಿನ ಮೊದಲ ಸಾಲಿನಲ್ಲಿ ಲಂಡನ್: ಬಿಳಿ ಕಾಯಿ ಬಂದರೆ ಸುತ್ತ ಗೋಡೆ ಕಟ್ಟಿಕೊಂಡು ಕೂಡುವುದು. ಎರಡನೇ ಸಾಲಿನಲ್ಲಿ ಕ್ಯಾರೋ-ಕಾನ್: ಕರಿ ಕಾಯಿ ಬಂದರೆ ಒಂಟೆಯ ಮುಂದಿನ ಪ್ಯಾದೆಯನ್ನು ಒಂದೇ ಒಂದು ಮನೆ ಸರಿಸಿ, ಮತ್ತೆ ಗೋಡೆ ಕಟ್ಟಿಕೊಂಡು ಕೂಡುವುದು.

"ಹಿಂಗ್ಯಾಕ್ರಿ ಸರ್ ಎರಡ ಭಾಗ?" ಎಂದು ನಾನೊಮ್ಮೆ ಕೇಳಿದ್ದೆ.

"ಹೆಣ್ಣಹುಡುಗ್ಯಾರಿಗೆ ತಾಳ್ಮಿ ಹುಟ್ಟಾ ಬಂದಿರ್ತೈತ್ರಿ ಮೇಡಮ್ಮಾರ. ಅವರು ಗೋಡಿ ಕಟ್ಲಿ. ಹೊಡ್ತದ ಆಟ ಗಂಡಹುಡುಗರಿಗೆ. ಇದು ನಾ ಹೇಳೂದಲ್ರಿ, ನಿಸರ್ಗಾ."

ನಾನು ಇಡೀ ಆಯುಷ್ಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಳೆದವಳು. ಹುಟ್ಟುತ್ತಲೇ ಬಂದ ಆ ತಾಳ್ಮೆಯನ್ನು ಮಧ್ಯಾಹ್ನ ಊಟದ ತಾಟು ಹಿಡಿದು ನಿಂತ ಸಾಲಿನಲ್ಲಿ ಬಹಳ ಹುಡುಕಿದ್ದೇನೆ. ಆದರೆ ನಿಸರ್ಗದ ಜೊತೆ ವಾದ ಮಾಡುವುದು ಹೇಗೆ?

ಕಾಗವಾಡ

ಸನ್ಮತಿಗೆ ಮೊದಲು ಆಟ ಹಚ್ಚಿದವನು ನನ್ನ ಅಪ್ಪ. ಕಾಗವಾಡದಲ್ಲಿ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಇವತ್ತಿಗೂ ಆಡುತ್ತಾನೆ. ಅವನದು ನಮ್ಮ ಹಳೆಯ ದೇಶಿ ಆಟ. ಅದರಲ್ಲಿ ಪ್ಯಾದೆ ಯಾವಾಗಲೂ ಒಂದೇ ಮನೆ ನಡೆಯುತ್ತದೆ, ಮೊದಲ ನಡೆಯಲ್ಲೂ ಅಷ್ಟೆ. ರಾಜನಿಗೆ ಮಾತ್ರ ಆಯುಷ್ಯದಲ್ಲಿ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕಿದೆ. ಗಿರಣಿಗೆ ಬೀಸಲು ಬಂದವರೆಲ್ಲ ಆ ಜಿಗಿತಕ್ಕಾಗಿ ಕಾಯುತ್ತ ನಿಲ್ಲುತ್ತಾರೆ, ಹಿಟ್ಟು ಆರಿಹೋಗುತ್ತದೆ.

ಒಮ್ಮೆ ನನ್ನ ತಮ್ಮ ಅಪ್ಪನ ಫೋನಿನಲ್ಲಿ ಚೆಸ್ಸಿನ ಖಾತೆ ತೆರೆದುಕೊಟ್ಟ. ಟೋಪಿ ಹಾಕಿದ ಅಪ್ಪನ ಫೋಟೊ, ‘ಕಾಗವಾಡದ ಅಜ್ಜ’ ಎಂಬ ಹೆಸರು. ಅಪ್ಪ ಅರ್ಧ ತಾಸು ಒದ್ದಾಡಿದ. ಅದು ರಾಜನಿಗೆ ಜಿಗಿಯಲು ಬಿಡಲಿಲ್ಲ. "ಇದಕ್ಕ ಆಟ ಬರಂಗಿಲ್ಲ" ಎಂದು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು ಕಟ್ಟೆಗೆ ಹೋದ.

ಸನ್ಮತಿಗೆ ಅದು ಒಳ್ಳೆಯದೇ ಆಯಿತು. ಅವಳ ಸ್ವಂತ ಖಾತೆಯಲ್ಲಿ ಹುಡುಗಿಯ ಹೆಸರಿತ್ತು. ಆಟ ನಡೆದಾಗಲೇ ‘ಹಾಯ್ ಡಿಯರ್’ ಎಂದು ಬರೆಯುವವರು ಬರುತ್ತಿದ್ದರು. ಗೆದ್ದರೆ ‘ಯಾರೋ ಹೇಳಿಕೊಡುತ್ತಿದ್ದಾರೆ’ ಎನ್ನುತ್ತಿದ್ದರು. ಅಜ್ಜನ ಟೋಪಿಯ ಹಿಂದೆ ಕೂತ ಮೇಲೆ ಎಲ್ಲ ಶಾಂತವಾಯಿತು. ಈಗ ಸೋತವರು ‘ರೆಸ್ಪೆಕ್ಟ್, ಸರ್’ ಎಂದು ಬರೆಯುತ್ತಾರೆ. ಅಲ್ಲಿ ಅವಳು ಆಡುವುದು ಪೂರಾ ಹುಡುಗರ ಕಾಲಮ್ಮಿನ ಆಟ. ಪ್ಯಾದೆಯಿಂದ ಶುರುಮಾಡಿ ಆನೆಯವರೆಗೆ ಬಲಿ ಕೊಟ್ಟು ನುಗ್ಗುತ್ತಾಳೆ.

ತಮಾಷೆ ಎಂದರೆ, ಆ ಕಾಗವಾಡದ ಅಜ್ಜನ ಕೈಯಲ್ಲಿ ಸಂಜೆ ಹೊತ್ತು ಸೋಲುವವರಲ್ಲಿ ಮಗದುಮ್ ಸರ್ ಕೂಡ ಒಬ್ಬರು. ಅವರಿಗೆ ಅದು ನನ್ನ ಅಪ್ಪನೇ ಎಂಬ ನಂಬಿಕೆ. ಅಜ್ಜನ ಆಟಗಳನ್ನು ಬೋರ್ಡಿಗೆ ಹಚ್ಚಿ ಹುಡುಗರಿಗೆ ಪಾಠ ಮಾಡುತ್ತಾರೆ. "ನೋಡ್ರಲೇ, ಗಂಡಸಿನ ಆಟ ಅಂದ್ರ ಇದು. ಎಂಬತ್ತರ ಮ್ಯಾಲ ವಯಸ್ಸು, ಹೆಂಗ ಹೊಡದಾರ!" ಎನ್ನುತ್ತಾರೆ. ಸನ್ಮತಿ ಹಿಂದಿನ ಬೆಂಚಿನಲ್ಲಿ ಕೂತು ಲಂಡನ್ ಬರೆದುಕೊಳ್ಳುತ್ತಾಳೆ. ಲಗ್ನಗಳಲ್ಲಿ ಸರ್ ಸಿಕ್ಕಾಗ ಅಪ್ಪನ ಕಾಲು ಮುಟ್ಟುತ್ತಾರೆ. ಅಪ್ಪ ಅದು ತನ್ನ ವಯಸ್ಸಿಗೆ ಸಲ್ಲುವ ಮರ್ಯಾದೆ ಎಂದುಕೊಂಡು ಆಶೀರ್ವಾದ ಮಾಡುತ್ತಾನೆ. ನಿಜ ಏನೆಂದು ನನಗೂ ಸನ್ಮತಿಗೂ ಮಾತ್ರ ಗೊತ್ತು. ಯಾರಿಗೂ ಹೇಳುವುದಿಲ್ಲ ಎಂದು ಅವಳು ನನ್ನ ಕೈಯಿಂದ ಆಣೆ ಹಾಕಿಸಿಕೊಂಡಿದ್ದಳು.

ಮುಂಬೈ ವಿಮಾನ ನಿಲ್ದಾಣದಲ್ಲಿ ಅವಳು ಇನ್ನೊಂದು ಮಾತು ಹೇಳಿದಳು.

"ಅತ್ತಿ, ಇದ ಒಂದು ಟೂರ್ನಮೆಂಟ್ ಮುಗದ ಮ್ಯಾಗ ನಾ ಚೆಸ್ ಬಿಡಾಕತ್ತೇನಿ. ಅಪ್ಪಾಗ ಈಗ ಹೇಳಬ್ಯಾಡ."

"ಯಾಕ?"

"ಲಂಡನ್ ಆಡಿ ಆಡಿ ನಿದ್ದಿ ಬರ್ತೈತಿ."

ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಹಳೆಯ ಫ್ರಾಕು ಬಿಗಿಯಾಯಿತು ಎನ್ನುವ ಹಾಗೆ ಹೇಳಿದಳು. ನನಗೆ ಅದಕ್ಕೇ ಹೆದರಿಕೆಯಾಯಿತು. ಅತ್ತು ಬಿಡುವವರು ಮತ್ತೆ ಹಿಡಿಯುತ್ತಾರೆ, ಹೀಗೆ ಹೇಳುವವರು ಬಿಟ್ಟೇ ಬಿಡುತ್ತಾರೆ.

ಬಟೂಮಿ, ಮಳೆಯಲ್ಲಿ

ಮೊದಲನೆಯದಾಗಿ, ಕಪ್ಪು ಸಮುದ್ರ ಕಪ್ಪಗಿಲ್ಲ. ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ಬಣ್ಣಕ್ಕಿದೆ. ದಂಡೆಯಲ್ಲಿ ಮರಳಿಲ್ಲ, ಬರೀ ದುಂಡು ಕಲ್ಲು. ಜನ ಆ ಕಲ್ಲುಗಳ ಮೇಲೆ ಟವೆಲ್ ಹಾಸಿ ಮಲಗುತ್ತಾರೆ, ಅದಕ್ಕೆ ಸುಖ ಎನ್ನುತ್ತಾರೆ. ಮಳೆ ಯಾವಾಗ ಬರುತ್ತದೆ ಎಂದು ಕೇಳಿದರೆ ನಗುತ್ತಾರೆ. ನಾವು ಇಳಿದಾಗ ಬರುತ್ತಿತ್ತು, ಹೊರಟಾಗಲೂ ಬರುತ್ತಿತ್ತು.

ನಾವಿಬ್ಬರೂ ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಉಳ್ಳಾಗಡ್ಡಿ ಬಟಾಟಿ ಮುಟ್ಟುವುದಿಲ್ಲ. ಪರದೇಶದಲ್ಲಿ ಉಪವಾಸ ಬೀಳುತ್ತೇವೆ ಎಂದು ಮನೆಯವರೆಲ್ಲ ಗಟ್ಟಿಯಾಗಿ ಒಣಗಿಸಿದ ಕಟಕರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾದ ಹಿಂಡಿ ತುಂಬಿ ಕಳಿಸಿದ್ದರು. ಆದರೆ ಬಟೂಮಿಯ ಬೇಸಿಗೆಯಲ್ಲಿ ಸೂರ್ಯನಿಗೆ ಮುಳುಗುವ ಅವಸರವೇ ಇಲ್ಲ. ನಮ್ಮೂರಲ್ಲಿ ಜನ ಮಲಗಲು ಚಾಪೆ ಹಾಸುವ ಹೊತ್ತಿಗೆ ಅಲ್ಲಿ ಇನ್ನೂ ಬಿಸಿಲು. ಧರ್ಮ ಕೆಡದೆ ಇಷ್ಟು ಸಲ ಉಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಎರಡನೇ ದಿನವೇ ನನ್ನ ಮಾನ ಹೋಯಿತು. ಕಾರಣ ಅಥಣಿಯ ಚಪ್ಪಲಿ. ನನ್ನ ಪಾದ ದೊಡ್ಡದು. ಹೆಂಗಸರ ಜೋಡು ಹಿಡಿಸುವುದಿಲ್ಲ. ಆದ್ದರಿಂದ ಅಪ್ಪ ನನಗೆ ಗಂಡಸರ ಹೊಸ ಜೋಡು ತರಿಸಿಕೊಟ್ಟಿದ್ದ. ನಮ್ಮ ಕಡೆ ಗಂಡಸರ ಜೋಡು ಕರ್ ಕರ್ ಎಂದು ಸದ್ದು ಮಾಡಬೇಕು, ಬರುವವನು ಯಾರೋ ದೊಡ್ಡವನು ಎಂದು ಓಣಿಗೆ ತಿಳಿಯಬೇಕು. ಹೆಂಗಸರ ಜೋಡಿಗೆ ಸದ್ದು ಬೇಕಾಗಿಲ್ಲ. ಸರಿ, ಆಟದ ಹಾಲಿಗೆ ಕಾಲಿಟ್ಟೆ. ನೂರಾರು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದಾರೆ. ಗಡಿಯಾರಗಳ ಸದ್ದೂ ಇಲ್ಲ. ನಾನು ಸನ್ಮತಿಯ ಮೇಜಿನತ್ತ ನಡೆದೆ: ಕರ್. ಕರ್. ಕರ್. ಎಲ್ಲ ತಲೆಗಳೂ ಎದ್ದವು. ಪಂಚರು, ಅಂದರೆ ಆಟದ ಅಂಪೈರು, ಒಬ್ಬ ತೆಳ್ಳನೆಯ ಹೆಂಗಸು, ಓಡಿ ಬಂದು ನನ್ನ ಕಾಲನ್ನೂ ಬಾಗಿಲನ್ನೂ ತೋರಿಸಿದರು. ಸನ್ಮತಿ ಮುಖವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ನಡುಗುತ್ತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳಂತೆ. ಆ ಪಂದ್ಯಾವಳಿಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಮರುದಿನದಿಂದ ಬಸದಿಗೆ ಹೋಗುವ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಹೋದೆ. ಅದನ್ನು ನೋಡಿ ಬೇರೆ ಇಬ್ಬರು ತಾಯಂದಿರೂ ಬೂಟು ಬಿಚ್ಚಿಟ್ಟರು. ಅದು ಭಾರತದ ಯಾವುದೋ ಗೆಲುವಿನ ವ್ರತ ಇರಬೇಕೆಂದು ಅವರು ತಿಳಿದದ್ದು ಆಮೇಲೆ ಗೊತ್ತಾಯಿತು.

ಮನಾನಾಳ ಅಡುಗೆಮನೆ

ನಾವು ಇಳಿದುಕೊಂಡ ಮನೆಯ ಒಡತಿಯ ಹೆಸರು ಮನಾನಾ. ಅರವತ್ತರ ಹತ್ತಿರದ ಗಟ್ಟಿಮುಟ್ಟಾದ ಹೆಂಗಸು. ಅವಳ ಭಾಷೆ ನನಗೆ ಬರದು, ನನ್ನದು ಅವಳಿಗೆ ಬರದು. ನಡುವೆ ಅವಳ ಫೋನು. ಅವಳು ಅದರಲ್ಲಿ ಬಡಬಡ ಮಾತಾಡಿದರೆ ಅದು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಅದರ ಕನ್ನಡ ಎಷ್ಟು ಶುದ್ಧ ಎಂದರೆ ನನಗೆ ನೆಟ್ಟಗೆ ಕೂಡಬೇಕು ಅನಿಸುತ್ತಿತ್ತು.

‘ಮಾನ್ಯರೇ, ತಾವು ಚಹಾವನ್ನು ಸೇವಿಸಲು ಇಚ್ಛಿಸುವಿರಾ?’ ಎನ್ನುತ್ತಿತ್ತು ಫೋನು.

"ಹೂಂ, ಹಾಕವಾ ಒಂದ್ ಕಪ್" ಎನ್ನುತ್ತಿದ್ದೆ ನಾನು. ಅದು ಅವಳಿಗೆ ಏನು ಹೇಳುತ್ತಿತ್ತೋ, ಚಹಾ ಮಾತ್ರ ಬರುತ್ತಿತ್ತು.

ಅಡುಗೆಮನೆಯ ಕಪಾಟಿನಲ್ಲಿ ತಾಮ್ರದ ಪಾತ್ರೆಗಳ ನಡುವೆ ಒಂದು ಚೆಸ್ಸಿನ ಹಲಗೆ ಇತ್ತು. ಅವಳ ಮದುವೆಯಲ್ಲಿ ತಾಯಿ ಕೊಟ್ಟದ್ದಂತೆ. ಅಲ್ಲಿ ಹಿಂದಿನವರು ಹೆಣ್ಣುಮಕ್ಕಳಿಗೆ ಹಾಸಿಗೆ, ಪಾತ್ರೆಯ ಜೊತೆ ಚೆಸ್ಸಿನ ಹಲಗೆಯನ್ನೂ ಕೊಟ್ಟು ಕಳಿಸುತ್ತಿದ್ದರಂತೆ. ನನ್ನ ತಾಯಿಗೆ ಅವಳ ತವರಿನವರು ಕೊಟ್ಟದ್ದು ಬೀಸುವ ಕಲ್ಲು. ಎರಡೂ ಮನೆಯಲ್ಲಿ ಇರಬೇಕಾದ ವಸ್ತುಗಳೇ. ಮನಾನಾಳ ಹಲಗೆಯಲ್ಲಿ ಒಂದು ಪ್ಯಾದೆ ಕಳೆದುಹೋಗಿ ಅದರ ಜಾಗದಲ್ಲಿ ಬಾಟಲಿಯ ಬಿರಡೆ ನಿಂತಿತ್ತು. ನಮ್ಮ ಒಂಟೆಗೆ ಅವರು ಆಮೆ ಎನ್ನುತ್ತಾರೆ. ನಮ್ಮ ಆನೆಗೆ ರಥ ಎನ್ನುತ್ತಾರೆ. ಲೋಕವೆಲ್ಲ ರಾಣಿ ಎನ್ನುವ ಕಾಯಿ ಮಾತ್ರ ಅವರಲ್ಲೂ ವಜೀರನೇ.

ಒಂದು ಸಂಜೆ ಮಳೆ ಜೋರಾಗಿತ್ತು. ಮನಾನಾ ಹಲಗೆ ತೆಗೆದು ನನ್ನ ಮುಂದಿಟ್ಟಳು. ನಾನು ಕಾಗವಾಡದ ಕಟ್ಟೆಯ ಆಟವನ್ನು ಬಾಗಿಲ ಸಂದಿಯಿಂದ ನೋಡಿ ಕಲಿತವಳು. ಕಟ್ಟೆಯ ಮೇಲೆ ಹೆಂಗಸರು ಕೂಡುವ ರೂಢಿ ಇಲ್ಲ. ಹೊರಗಿನವರೊಡನೆ ಆಡಿದ್ದು ಅವತ್ತೇ ಮೊದಲು. ನಾನು ಪ್ಯಾದೆಗಳನ್ನು ಒಂದೊಂದೇ ಮನೆ ನಡೆಸಿದೆ. ಮನಾನಾ ಕರುಣೆಯಿಂದ ನೋಡಿದಳು, ಪಾಪ ಹೆದರಿದ್ದಾಳೆ ಎಂದು. ಅವಳ ಕುದುರೆ, ರಥ, ವಜೀರ ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಇನ್ನೇನು ಮುಗಿಯಿತು ಎನ್ನುವಾಗ ನಾನು ರಾಜನನ್ನು ಎತ್ತಿ ಕುದುರೆಯ ಹಾಗೆ ಜಿಗಿಸಿ ಮೂಲೆಗೆ ಇಟ್ಟೆ.

ಮನಾನಾ ಎದ್ದು ನಿಂತಳು. ಗಂಡನನ್ನು ಕರೆದಳು. ಗಂಡ ಟಿವಿ ಬಿಟ್ಟು ಬಂದ. ಇಬ್ಬರೂ ನನ್ನ ರಾಜನನ್ನು ಬಗ್ಗಿ ನೋಡಿದರು. ಫೋನು ಗಂಭೀರವಾಗಿ ಕೇಳಿತು: ‘ನಿಮ್ಮ ರಾಜನಿಗೆ ಅನಾರೋಗ್ಯವೇ?’

ಸನ್ಮತಿ ನಗುತ್ತಲೇ ಅವರಿಗೆ ಎಲ್ಲ ತಿಳಿಸಿ ಹೇಳಿದಳು, ನಮ್ಮೂರಿನ ಪ್ಯಾದೆ ಒಂದೇ ಮನೆ ನಡೆಯುತ್ತದೆ, ನಮ್ಮೂರಿನ ರಾಜ ಒಂದು ಸಲ ಜಿಗಿಯುತ್ತಾನೆ ಎಂದು. ಮನಾನಾ ಬಹಳ ಯೋಚಿಸಿ ಒಂದು ಮಾತು ಹೇಳಿದಳು. ಫೋನು ಅದನ್ನು ಹೀಗೆ ಕನ್ನಡಿಸಿತು: ‘ಗಂಡಸಿಗೆ ಪಲಾಯನ ಮಾಡಲು ಎಲ್ಲ ದೇಶಗಳಲ್ಲಿಯೂ ಒಂದು ವಿಶೇಷ ನಿಯಮವಿರುತ್ತದೆ.’ ಗಂಡ ಮತ್ತೆ ಟಿವಿಯ ಮುಂದೆ ಹೋಗಿ ಕೂತ.

ಆಗ ನಾನು ಮಗದುಮ್ ಸರ್ ಅವರ ಎರಡು ಕಾಲಮ್ಮಿನ ವಿಷಯ ಹೇಳಿದೆ. ಮನಾನಾ ಒಪ್ಪಲಿಲ್ಲ. ಕಾಲಮ್ಮು ಎರಡು ಇರುವುದು ಸರಿಯೇ, ಆದರೆ ನಿಮ್ಮ ಸರ್ ಅದಲುಬದಲು ಬರೆದಿದ್ದಾರೆ ಎಂದಳು. ಗಂಡಸರಿಗೆ ಕೂತಲ್ಲಿ ಕೂಡುವ ಅಭ್ಯಾಸ, ಅವರು ಗೋಡೆ ಕಟ್ಟುತ್ತಾರೆ. ಹೆಂಗಸರಿಗೆ ಒಲೆಯ ಮೇಲೆ ರೊಟ್ಟಿ ಇರುತ್ತದೆ, ಅದು ಸೀಯುವುದರೊಳಗೆ ಆಟ ಮುಗಿಸಬೇಕು. ಅದಕ್ಕೇ ಹೆಂಗಸರು ಮೊದಲ ನಡೆಯಿಂದಲೇ ಹೊಡೆಯುತ್ತಾರೆ. ನಿಸರ್ಗ ಎಂದಳು.

ಹಾಲಿನ ಹೊರಗಿನ ಬೆಂಚು

ಆಟ ಶುರುವಾಗುವುದನ್ನು ಹಗ್ಗದ ಆಚೆ ನಿಂತು ನೋಡಿ, ಆಮೇಲೆ ತಂದೆತಾಯಂದಿರೆಲ್ಲ ಹೊರಗಿನ ಬೆಂಚಿನ ಮೇಲೆ ಕೂಡುತ್ತಿದ್ದೆವು. ಪರೀಕ್ಷೆಯ ದಿನ ಶಾಲೆಯ ಹೊರಗೆ ಕೂತ ಪಾಲಕರನ್ನು ಕಂಡವರಿಗೆ ಇದನ್ನು ಬಣ್ಣಿಸಬೇಕಾಗಿಲ್ಲ. ನನ್ನ ಪಕ್ಕದಲ್ಲಿ ತುರ್ಕಿಯ ಒಬ್ಬ ತಂದೆ ಕೂಡುತ್ತಿದ್ದ. ಅವನ ಮಗ ಮಗಳು ಇಬ್ಬರೂ ಆಡುತ್ತಿದ್ದರು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಸರಿಜೋಡಿ, ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು.

ಮಗಳು ಹುಚ್ಚಿ ಎಂದ ಅವನು. ಮೊದಲ ನಡೆಯಿಂದ ಹೊಡೆದಾಟ, ಸಿಕ್ಕಿದ್ದೆಲ್ಲ ಬಲಿ. ಹೆಣ್ಣಲ್ಲವೆ, ತಾಳ್ಮೆ ಎಲ್ಲಿಂದ ಬರಬೇಕು? ಮಗ ಮಾತ್ರ ಗಂಭೀರ, ಕಲ್ಲಿನ ಗೋಡೆಯ ಹಾಗೆ ಆಡುತ್ತಾನೆ ಎಂದ.

ನಿಪ್ಪಾಣಿ ದಾಟಿದರೆ ಕನ್ನಡ ಮರಾಠಿಯಾಗುವುದನ್ನು ನೋಡಿ ಬೆಳೆದವಳು ನಾನು. ಆದರೆ ತಾಳ್ಮೆಯೂ ಗಡಿ ದಾಟಿದೊಡನೆ ಹೆಣ್ಣಿನಿಂದ ಗಂಡಿಗೆ ಹೋಗುತ್ತದೆ ಎಂದು ಯಾವ ಭೂಪಟದಲ್ಲೂ ಕಂಡಿರಲಿಲ್ಲ. ಚಿಕ್ಕೋಡಿಯಲ್ಲಿ ಹೆಣ್ಣಿಗೆ ತಾಳ್ಮೆ ಇದೆ, ಆದ್ದರಿಂದ ಅವಳು ಹೊಡೆಯಬಾರದು. ತುರ್ಕಿಯಲ್ಲಿ ಹೆಣ್ಣಿಗೆ ತಾಳ್ಮೆ ಇಲ್ಲ, ಆದ್ದರಿಂದ ಅವಳು ಹೊಡೆದದ್ದು ಹುಚ್ಚು. ಎಲ್ಲಿ ಹೋದರೂ ಹುಡುಗನದು ಮಾತ್ರ ಸರಿಯಾದ ಆಟವೇ ಆಗಿರುತ್ತದೆ, ಅವನು ಏನೇ ಆಡಲಿ. ಇದನ್ನು ಆ ತಂದೆಗೆ ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿ ಇರಲಿಲ್ಲ. ಕಟಕರೊಟ್ಟಿ ಕೊಟ್ಟೆ. ಅವನು ಅದನ್ನು ಬಹಳ ಹೊತ್ತು ಕಡಿದ.

ಒಳಗೆ ಸನ್ಮತಿ ಲಂಡನ್ ಕಟ್ಟುತ್ತಲೇ ಇದ್ದಳು. ಬಹಳ ಗೆಲ್ಲುತ್ತಲೂ ಇರಲಿಲ್ಲ, ಸೋಲುತ್ತಲೂ ಇರಲಿಲ್ಲ. ಡ್ರಾ, ಮತ್ತೆ ಡ್ರಾ, ನಡುವೆ ಒಂದೆರಡು ಗೆಲುವು, ಮತ್ತೆ ಡ್ರಾ. ಹೊರಗೆ ಬಂದು ಕೈ ತೊಳೆದುಕೊಳ್ಳುತ್ತಿದ್ದಳು, ಪಾತ್ರೆ ತಿಕ್ಕಿ ಬಂದವರ ಹಾಗೆ. ಮಗದುಮ್ ಸರ್ ಪ್ರತಿ ಸಂಜೆ ನನಗೆ ಫೋನ್ ಮಾಡಿ ಸಂತೋಷಪಡುತ್ತಿದ್ದರು.

"ಭಾಳ ಚಲೊ ನಡದೈತ್ರಿ ಮೇಡಮ್ಮಾರ! ಒಂದೂ ಸೋತಿಲ್ಲಾ ನೋಡ್ರಿ."

ಕೊನೆಯ ಸುತ್ತಿನ ಮುಂಜಾನೆ ಅವರ ದನಿ ಇನ್ನೂ ಏರಿತ್ತು. ಹುಡುಗಿಯರಲ್ಲಿ ಮೊದಲು ಬಂದವಳಿಗೆಂದು ಬೇರೆಯೇ ಒಂದು ಕಪ್ಪು ಇಟ್ಟಿದ್ದರು. ಹಾಲಿನ ಮುಂದಿನ ಮೇಜಿನ ಮೇಲೆ ದೊಡ್ಡ ಕಪ್ಪಿನ ಮಗ್ಗುಲಲ್ಲಿ ಅದರ ತಂಗಿಯ ಹಾಗೆ ನಿಂತಿತ್ತು.

"ಇವತ್ತ ಬರೇ ಡ್ರಾ ಆದ್ರ ಸಾಕ್ರಿ. ಹುಡುಗ್ಯಾರ ಕಪ್ ನಮ್ಮದ. ಬಿಳಿ ಕಾಯಿ ಬಂದೈತಿ. ಲಂಡನ್ ಆಡು ಅಂತ ಹೇಳ್ರಿ, ಹತ್ತ ನಡಿ ಆದ ಮ್ಯಾಗ ಡ್ರಾ ಕೇಳು ಅನ್ರಿ."

ದಂಡೆಯ ಕಲ್ಲುಗಳ ಮೇಲೆ

ಆಟಕ್ಕೆ ಇನ್ನೂ ಹೊತ್ತಿತ್ತು. ಸನ್ಮತಿ ಸಮುದ್ರದ ದಂಡೆಯಲ್ಲಿ ದುಂಡು ಕಲ್ಲುಗಳನ್ನು ನೀರಿಗೆ ಎಸೆಯುತ್ತಿದ್ದಳು. ನಾನು ಸರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

"ಹೂಂ" ಎಂದಳು. ಇನ್ನೊಂದು ಕಲ್ಲು ಎಸೆದಳು. "ಅಜ್ಜ ಇಲ್ಲಿ ಇದ್ದಿದ್ರ ಏನ ಆಡು ಅಂತಿದ್ದ ಅತ್ತಿ?"

"ನಿಮ್ಮ ಅಜ್ಜನ? ಪ್ಯಾದಿ ಒಂದ ಮನಿ ನಡಸು ಅಂತಿದ್ದ."

ಅವಳು ನಕ್ಕಳು. ಆ ನಗು ನೋಡುತ್ತ ನಾನು ಮುಂದಿನದನ್ನು ಲೆಕ್ಕ ಹಾಕಿದೆ. ಇವತ್ತು ಸಂಜೆ ಇವಳು ಆ ಸಣ್ಣ ಕಪ್ಪನ್ನು ತಂದು ನನ್ನ ಕೈಗಿಟ್ಟು, ಆಟ ಬಿಟ್ಟು, ಮತ್ತೆ ಯಾವತ್ತೂ ಹಲಗೆಯ ಮುಂದೆ ಕೂಡುವುದಿಲ್ಲ. ಬಾಗಿಲ ಸಂದಿಯಿಂದ ನೋಡುವವರ ಸಾಲಿನಲ್ಲಿ ಇವಳೂ ಒಬ್ಬಳಾಗುತ್ತಾಳೆ. ನನಗೆ ಅದು ಬೇಡವಾಗಿತ್ತು. ಕಪ್ಪಿಗಿಂತ ಹೆಚ್ಚಾಗಿ ಬೇಡವಾಗಿತ್ತು.

"ಮನ್ಯಾಗಿನ ಅಜ್ಜಂದ ಬಿಡು. ಫೋನಿನ್ಯಾಗ ಒಬ್ಬ ಅಜ್ಜ ಅದಾನಲಾ, ಅವ ಏನ ಆಡ್ತಾನ?"

ಸನ್ಮತಿ ಕೈಯಲ್ಲಿದ್ದ ಕಲ್ಲನ್ನು ಎಸೆಯದೆ ಜೇಬಿಗೆ ಹಾಕಿಕೊಂಡಳು. "ಸರ್ ಬೈತಾರ" ಎಂದಳು.

"ನನಗ ಬೈತಾರ. ಹೇಳೂದ ಮರತೆ ಅಂತೇನಿ. ವಯಸ್ಸಾತು, ಮರೀತೈತಿ."

ಕೊನೆಯ ಸುತ್ತು

ಎದುರಿಗೆ ಅದೇ ಊರಿನ ಒಬ್ಬ ಹುಡುಗ. ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ. ಪೆನ್ನು, ನೀರಿನ ಬಾಟಲಿ, ಕರವಸ್ತ್ರ ಎಲ್ಲವನ್ನೂ ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟ. ನಾನು ಅವತ್ತು ಹೊರಗಿನ ಬೆಂಚಿಗೆ ಹೋಗದೆ ಬರಿಗಾಲಲ್ಲಿ ಹಗ್ಗದ ಆಚೆಯೇ ನಿಂತಿದ್ದೆ. ಸನ್ಮತಿ ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ದೂಡಿದಳು. ಹುಡುಗನೂ ದೂಡಿದ. ಮರುನಡೆಗೇ ಅವಳು ಪಕ್ಕದ ಪ್ಯಾದೆಯನ್ನು ಅವನ ಬಾಯಿಗೆ ಇಟ್ಟಳು.

ಹುಡುಗ ನುಂಗಲಿಲ್ಲ. ಆ ಪ್ಯಾದೆಯನ್ನು ನೋಡಿದ, ಕರವಸ್ತ್ರವನ್ನು ಒಂದಿಷ್ಟು ಸರಿಸಿದ, ಗೋಡೆ ಕಟ್ಟತೊಡಗಿದ.

ನನ್ನ ಪಕ್ಕ ನಿಂತ ಅವನ ತಾಯಿ ನನ್ನತ್ತ ತಿರುಗಿ ಮೆಲ್ಲ ದನಿಯಲ್ಲಿ, ಹರಕು ಇಂಗ್ಲಿಷಿನಲ್ಲಿ, ತಪ್ಪು ಒಪ್ಪಿಕೊಳ್ಳುವವಳಂತೆ ಹೇಳಿದಳು, ಇವನು ಹುಟ್ಟಿನಿಂದಲೂ ಹೀಗೆಯೇ, ಕಾಲುಚೀಲವನ್ನೂ ಬಣ್ಣದ ಪ್ರಕಾರ ಜೋಡಿಸಿಡುತ್ತಾನೆ ಎಂದು.

ಸನ್ಮತಿ ನುಗ್ಗಿದಳು. ಕುದುರೆ ಕೊಟ್ಟಳು. ಗೋಡೆ ಅಲುಗಾಡಿತು, ಬೀಳಲಿಲ್ಲ. ಆನೆ ಕೊಟ್ಟಳು. ಸುತ್ತಲಿನ ಮೇಜುಗಳ ಆಟ ಮುಗಿದ ಮಕ್ಕಳು ಬಂದು ಮುತ್ತಿಕೊಂಡರು. ನನ್ನ ಚಪ್ಪಲಿಗೆ ಓಡಿ ಬಂದಿದ್ದ ಪಂಚರೂ ಬಂದು ನಿಂತರು. ನಮ್ಮ ಹುಡುಗಿಯ ಕಿವಿ ಕೆಂಪಗಾಗಿದ್ದವು. ಕಣ್ಣು ಹಲಗೆ ಬಿಟ್ಟು ಏಳಲಿಲ್ಲ. ಅವಳಿಗೆ ನಿದ್ದೆ ಬಂದಿರಲಿಲ್ಲ.

ಸೋತಳು. ಹುಡುಗ ತಾಳ್ಮೆಯಿಂದ ಒಂದೊಂದೇ ಕಲ್ಲು ಹೊಂದಿಸಿ, ಅವಳು ಕೊಟ್ಟ ಕಾಯಿಗಳ ಲಾಭದಿಂದಲೇ ಅವಳನ್ನು ಮುಗಿಸಿದ. ನಮ್ಮ ಬೋರ್ಡಿನ ಪ್ರಕಾರ ಅವನು ಆಡಿದ್ದು ಅಪ್ಪಟ ಹುಡುಗಿಯರ ಆಟ. ಸಣ್ಣ ಕಪ್ಪು ತುರ್ಕಿಯವನ ಹುಚ್ಚಿ ಮಗಳಿಗೆ ಹೋಯಿತು. ಅವನು ಮುಖ ಊರಗಲ ಮಾಡಿಕೊಂಡು ಎಲ್ಲರಿಗೂ ಹೇಳುತ್ತಿದ್ದ, ನನ್ನ ಮಗಳಿಗೆ ಮೊದಲಿನಿಂದಲೂ ಬಹಳ ತಾಳ್ಮೆ ಎಂದು.

ಮನಾನಾ ಬಾಗಿಲಲ್ಲಿ ಕಾಯುತ್ತಿದ್ದಳು. "ಗಾಮರ್ಜೋಬಾ" ಎಂದಳು. ಅದು ಅವರ ನಮಸ್ಕಾರ. ಅದರ ಅರ್ಥ ಗೆಲುವು ಎಂದು ಫೋನು ಹಿಂದೆಯೇ ತಿಳಿಸಿತ್ತು. ಸೋತು ಬಂದವರಿಗೂ ಅಲ್ಲಿ ಅದನ್ನೇ ಹೇಳುತ್ತಾರೆ, ಬೇರೆ ಮಾತಿಲ್ಲ. ಸನ್ಮತಿ ನೇರ ಅಡುಗೆಮನೆಗೆ ಹೋಗಿ ಬಿರಡೆಯ ಪ್ಯಾದೆಯ ಹಲಗೆ ತೆಗೆದು, ಅದೇ ಆಟವನ್ನು ಮೊದಲಿನಿಂದ ಹಚ್ಚಿ, ಎಲ್ಲಿ ತಪ್ಪಿತು ಎಂದು ಹುಡುಕುತ್ತ ಕೂತಳು. ಹೊತ್ತು ಮುಳುಗುವುದರೊಳಗೆ ಉಣ್ಣು ಎಂದು ನಾನು ಕೂಗುತ್ತಲೇ ಇದ್ದೆ. ಕೊನೆಗೆ ತಲೆ ಎತ್ತಿ ಕೇಳಿದಳು:

"ಅತ್ತಿ, ನಿನ್ನ ಪಾಸ್‌ಪೋರ್ಟ್ ಬರೂ ವರ್ಷನೂ ನಡೀತೈತಿಲ್ಲೋ?"

ನಾನು ಮುಖ ತಿರುಗಿಸಿ ಮನಾನಾಳ ತಾಮ್ರದ ಪಾತ್ರೆಗಳನ್ನು ನೋಡಿದೆ. ಬಹಳ ಚೆನ್ನಾಗಿ ಬೆಳಗಿದ್ದಳು.

ಮತ್ತೆ ಚಿಕ್ಕೋಡಿ

ಮಗದುಮ್ ಸರ್ ಬೈದರು. ನಾನು ಹೇಳುವುದನ್ನು ಮರೆತೆ ಎಂಬುದನ್ನು ಅವರು ಒಂದು ಕ್ಷಣವೂ ನಂಬಲಿಲ್ಲ.

"ಕೈಯಾಗಿನ ಕಪ್ ಕಳದ್ಲ್ರಿ ಈಕಿ! ಅಜ್ಜಾರ ಆಟ ನೋಡಿ ಆಡಾಕ ಹೋಗ್ಯಾಳ. ಅದು ಗಂಡಸಿನ ಆಟ, ಅದಕ್ಕ ಎದಿ ಬೇಕು. ಇನ್ನ ಮ್ಯಾಲ ಬೋರ್ಡಿನ ಮ್ಯಾಲ ಬರದದ್ದ ಆಡೂದಿದ್ರ ಕ್ಲಾಸಿಗೆ ಬರ್ಲಿ, ಇಲ್ಲಂದ್ರ ಬ್ಯಾಡ." ಸ್ವಲ್ಪ ತಡೆದು ಮೆತ್ತಗಾದರು. "ಹಿಂಗ ಮಾಡ್ರಿ. ಐತವಾರ ಅಜ್ಜಾರನ್ನ ಕರಕೊಂಡ ಬರ್ರಿ. ಆ ಗ್ಯಾಂಬಿಟ್ ಹೆಂಗ ಆಡಬೇಕು ಅಂತ ಅವರ ಬಾಯಿಲೆ ಹೇಳ್ಲಿ. ಈಕಿಗೂ ತಿಳೀಲಿ, ಇದು ತನ್ನ ಆಟ ಅಲ್ಲ ಅಂತ."

ಚೆಸ್ ಕ್ಲಾಸಿಗೆ ಕರೆದಿದ್ದಾರೆ ಎಂದದ್ದಕ್ಕೆ ಅಪ್ಪ ಬಹಳ ಹಿಗ್ಗಿದ. ಇಸ್ತ್ರಿ ಮಾಡಿಸಿದ ಧೋತರ ಉಟ್ಟ, ಹೊಸ ಟೋಪಿ ಹಾಕಿದ. ಕ್ಲಾಸಿನಲ್ಲಿ ಹುಡುಗರೆಲ್ಲ ಗೋಡೆಗೆ ಆತು ನಿಂತಿದ್ದರು. ಸರ್ ಅಪ್ಪನ ಕಾಲು ಮುಟ್ಟಿ, ಹಾರ ಹಾಕಿ, ಬಿಳಿ ಕಾಯಿಗಳ ಕಡೆ ಕೂಡಿಸಿದರು. ತಾವು ಕರಿ ಕಾಯಿಗಳ ಮುಂದೆ ಕೂತರು. "ನಡ್ಸ್ರಿ ಅಜ್ಜಾರ" ಎಂದರು. ನನ್ನ ಜೋಡು ಕರ್ ಎಂದಿತು, ನಾನು ಕಾಲು ಅಲುಗಿಸದೆ ನಿಂತೆ.

ಅಪ್ಪ ಹಲಗೆ ನೋಡಿದ. ಸುತ್ತ ನಿಂತವರನ್ನು ನೋಡಿದ. ಇವರೆಲ್ಲ ತನ್ನಿಂದ ಏನೋ ಒಂದು ದೊಡ್ಡದನ್ನು ನಿರೀಕ್ಷಿಸುತ್ತಿದ್ದಾರೆ, ಅದೇನೆಂದು ತನಗೆ ಗೊತ್ತಿಲ್ಲ ಎಂಬುದು ಮಾತ್ರ ಅವನಿಗೆ ತಿಳಿಯಿತು. ಮೊಮ್ಮಗಳ ಕಡೆ ತಿರುಗಿದ.

"ಸನ್ಮತಿ, ನಾ ಮದಲ ಏನ ಆಡ್ತೇನಿ?"

ಸನ್ಮತಿ ನನ್ನ ಮುಖ ನೋಡಿದಳು. ಹೇಳು ಎಂದು ನಾನು ತಲೆ ಆಡಿಸಿದೆ. "ರಾಜಾನ ಮುಂದಿನ ಪ್ಯಾದಿ ಅಜ್ಜಾ. ಎರಡ ಮನಿ" ಎಂದಳು.

"ಎರಡ ಮನಿ ಹೆಂಗ ಹೋಗ್ತೈತಿ?" ಅಪ್ಪನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಪ್ಯಾದಿ ಒಂದ ಮನಿ ಅಲ್ಲೇನ? ಹುಟ್ಟಿದಾಗಿಂದ ಆಡಾಕತ್ತೇನಿ, ನಾ ಎಂದೂ ಎರಡ ಮನಿ ನಡಸಿಲ್ಲ."

ಸರ್ ಅಪ್ಪನನ್ನು ನೋಡಿದರು. ಆಮೇಲೆ ಸನ್ಮತಿಯನ್ನು ನೋಡಿದರು. ಅಜ್ಜನಿಗೆ ಸೋತ ಸಂಜೆಗಳೆಲ್ಲ ಒಂದೊಂದಾಗಿ ಅವರ ಕಣ್ಣಮುಂದೆ ಹಾದುಹೋಗುತ್ತಿರುವುದು ನನಗೆ ಕಾಣುತ್ತಿತ್ತು.

"ಆ ಫೋನಿನ್ಯಾಗ ಆಡವ್ರು..." ಎಂದರು.

"ಫೋನು ಆಕಿ ಕಡೆನ ಇರ್ತೈತ್ರಿ ಸರ್" ಎಂದ ಅಪ್ಪ. "ಅದಕ್ಕ ಆಟ ಬರಂಗಿಲ್ಲ. ರಾಜಾಗ ಜಿಗ್ಯಾಕ ಬಿಡಂಗಿಲ್ಲ ಅದು. ಬಾ ಸನ್ಮತಿ, ನೀನ ಕೂಡು. ನನಗ ಈ ಎರಡ ಮನಿ ಆಟ ತಿಳ್ಯಾಂಗಿಲ್ಲ."

ಅಪ್ಪ ಹಾರದ ಸಮೇತ ಎದ್ದ. ಸನ್ಮತಿ ಕೂತಳು. ಜೇಬಿನಿಂದ ಒಂದು ದುಂಡು ಕಲ್ಲು ತೆಗೆದು ಹಲಗೆಯ ಪಕ್ಕ ಇಟ್ಟಳು. ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ದೂಡಿದಳು.

ಮಗದುಮ್ ಸರ್ ಹಣೆ ಒರೆಸಿಕೊಂಡರು. ಕೈ ರಾಜನ ಮುಂದಿನ ಪ್ಯಾದೆಯ ಕಡೆ ಹೋಯಿತು, ಹಿಂದೆ ಬಂತು. ಹುಡುಗರೆಲ್ಲ ನೋಡುತ್ತಿದ್ದರು. ಕೊನೆಗೆ ಅವರು ಒಂಟೆಯ ಮುಂದಿನ ಪ್ಯಾದೆಯನ್ನು ಹಿಡಿದು ಮೆಲ್ಲಗೆ ಒಂದೇ ಒಂದು ಮನೆ ಸರಿಸಿದರು. ಅವರ ಬೆನ್ನಿನ ಹಿಂದಿನ ಬೋರ್ಡಿನಲ್ಲಿ ಅದು ‘ಹುಡುಗ್ಯಾರು’ ಎಂಬ ಕಾಲಮ್ಮಿನ ಎರಡನೇ ಸಾಲಿನಲ್ಲಿತ್ತು.

"ಹಾಂ! ನೋಡ್ರಿ, ಸರ್‌ಗೆ ಬರ್ತೈತಿ ಆಟ" ಎಂದ ಅಪ್ಪ.